ಗುರಪ್ಪ ಅನ್ನವರು ಇಲ್ಲಿ ಯಾರೂ ಇಲ್ಲ

ಪಿನ್ನರ್,
೩ ಸೆಪ್ಟೆಂಬರ್ ೨೦೨೫

ಕಾಕುಗೆ ಜಗದೇವನ ಶರಣು.

ಫೋನ್ ಮಾಡೂಣು ಅಂದ್ರ ನಿನ್ನ ಕಿವಿ ರಿಟಾಯರ್ ಆಗ್ಯಾವ. ಈಸ್ಟ್ ಹ್ಯಾಮಿಗೆ ಬರೂಣು ಅಂದ್ರ ನನ್ನ ಮೊಣಕಾಲು ಮುಷ್ಕರಕ್ಕ ಕುಂತಾವ. ಒಂದೇ ಲಂಡನ್ನಾಗ ಇದ್ದು ಸ್ಟಾಂಪ್ ಹಚ್ಚಿ ಮಾತಾಡೋ ಮಂದಿ ನಾವಿಬ್ಬರೇ ಇರಬೇಕು. ನೀ ಕಾಕು, ನಾ ವಾರಕ್ಕೊಮ್ಮೆ ನಿನ್ನ ಕಾಕುಮಾತು ಕೇಳದಿದ್ರ ಉಂಡದ್ದು ಕರಗಂಗಿಲ್ಲ.

ಪ್ರಿಯಾಂಕಾನ ಮದುವಿ ಹಾಲ್ ಅಕ್ಸ್‌ಬ್ರಿಡ್ಜಿನಾಗ ಗೊತ್ತಾತು, ನವೆಂಬರ್ ಇಪ್ಪತ್ತೆರಡು. ಹಿಂದಿನ ದಿನ ಅರಿಷಿಣ ನಮ್ಮ ಮನ್ಯಾಗ. ನನ್ನ ಮೊಮ್ಮಗಳಿಗೆ ಮೊದಲ ಅರಿಷಿಣ ನಿನ್ನ ಕೈಲೇ ಹಚ್ಚಬೇಕು. ಈ ಊರಾಗ ನಮ್ಮ ಕಡೆಯ ಯಾವ ಹುಡುಗಿ ನಿನ್ನ ಹಸರು ಬಳಿ ಸಪ್ಪಳ ಕೇಳದ ಮದುಮಗಳಾಗ್ಯಾಳ ಹೇಳು? ತೊಂಬತ್ತೈದರ ಮುತ್ತೈದಿ ಅಂದ್ರ ಮ್ಯೂಸಿಯಮ್ಮಿನಾಗೂ ಸಿಗಂಗಿಲ್ಲ.

ಆದ್ರ ಒಂದು ಮುಳ್ಳು ಐತಿ. ನಿಶ್ಚಯದ ದಿನ ಹುಡುಗ ಋಷಿಕೇಶನ ಅಜ್ಜಿ ಬಂದಿದ್ದಳು. ಚನ್ನಬಸವ್ವ ಅಂತ, ಕಲಬುರಗಿ ಕಡೆಯಾಕಿ. ಹಣಿಮ್ಯಾಲೆ ಬರೇ ವಿಭೂತಿ, ಬಾಯಾಗ ಬರೇ ಪ್ರಶ್ನಿ. ನಿನ್ನ ಫೋಟೋ ನೋಡಿ, "ಈ ಹಿರ್ಯಾರ ಯಜಮಾನರು ಎಲ್ಲಿದ್ದಾರ್ರೀ?" ಅಂದಳು. "ಯುದ್ಧದಾಗ ಹಡಗು ಹತ್ಯಾರ್ರೀ, ಬರೂದು ಸ್ವಲ್ಪ ಲೇಟ್ ಆಗೇತಿ" ಅಂದೆ. ಮನಿ ತುಂಬ ನಕ್ಕರು. ಆಕಿ ನಗಲಿಲ್ಲ. "ಇದ್ದಾರೋ ಇಲ್ಲೋ ಯಾರೂ ತಿಳಕೊಂಡಿಲ್ಲೇನು?" ಅಂದಳು. ನನ್ನ ಜೋಕು ಅಲ್ಲೇ ಮುಳುಗಿತು.

ಅದಕ್ಕ ನಾ ಪತ್ತೇದಾರ ಆಗೇನಿ. ಕ್ಯೂ ಅನ್ನೋ ಊರಾಗ ಸರಕಾರದ ದಾಖಲೆ ಭಂಡಾರ ಐತಿ, ಯುದ್ಧದ ಹಡಗಿನವರ ಕಾಗದಪತ್ರ ಇಟ್ಟಾರ. ಕಾಕಾ ಯುದ್ಧ ಮುಗಿಯೂತನಕ ಜೀವಂತ ಇದ್ದ ಅಂತ ಒಂದು ಚೂರು ಸಿಕ್ಕರ ಸಾಕು. ಆಮ್ಯಾಲೆ ಇಲ್ಲ ಅಂತ ತೋರಸೂದು ಚನ್ನಬಸವ್ವನ ಕೆಲಸ.

ಮನ್ಯಾಗ ಕಾಕಾನ್ನ ಸಂಗನಬಸಪ್ಪ ಅಂತಿದ್ದರು. ನೇವಿದಾಗ ಏನಂತ ಬರಿಸಿದ್ದ? ಗಂಡನ ಹೆಸರು ನಿನ್ನ ಬಾಯಾಗ ಬರಂಗಿಲ್ಲ, ಗೊತ್ತೈತಿ. ಬಾಗಲದಾಗ ಅಡ್ಡ ನಿಂತು ಕೇಳಿದ್ರೂ ಪ್ರಾಸ ಕಟ್ಟಿದ ಒಡಪು ಹೇಳಿ, ಹೆಸರೊಂದು ನುಂಗಿ ಒಳಗ ನುಸುಳಾಕಿ ನೀ. ಈ ಸಲ ಹೆಸರು ಇರೋ ಒಡಪು ಬರದು ಕಳಸು.

ನಿನ್ನ ಸೀರಿಮ್ಯಾಲೆ ಉಚ್ಚಿ ಹೊಯ್ದು ದೊಡ್ಡಾಂವ ಆದ,
ಜಗ್ಯಾ


ಈಸ್ಟ್ ಹ್ಯಾಮ್,
೮ ಸೆಪ್ಟೆಂಬರ್ ೨೦೨೫

ಚಿರಂಜೀವಿ ಜಗದೇವನಿಗೆ ರತ್ನವ್ವನ ಆಶೀರ್ವಾದ.

ಎಂಬತ್ತೊಂದು ತುಂಬಿದ ಡಾಕ್ಟರಿಗೆ ಮೊಣಕಾಲು ಸುಧಾರಿಸಿಕೊಳ್ಳುವ ಬುದ್ಧಿ ಇಲ್ಲ, ಕ್ಯೂಗೆ ಹೋಗುವ ಬುದ್ಧಿ ಬಂದಿದೆ. ಹೋಗಬೇಡ. ಅಲ್ಲಿ ಲಿಫ್ಟ್ ಕೆಟ್ಟಿದ್ದರೆ ಏನು ಮಾಡುತ್ತೀ?

ಮುಪ್ಪಿನಲ್ಲಿ ನನಗೆ ಯಾರ ಪ್ರಮಾಣಪತ್ರವೂ ಬೇಕಾಗಿಲ್ಲ. ಆ ಚನ್ನಬಸವ್ವನಿಗೆ ಅಷ್ಟು ಸಂಶಯವಿದ್ದರೆ ಮೊದಲ ಅರಿಷಿಣವನ್ನು ಬೇರೆ ಯಾರಿಂದಲಾದರೂ ಹಚ್ಚಿಸಿಬಿಡು. ಈ ಮೇಲಿನ ಸಾಲನ್ನು ಹೊಡೆದುಹಾಕಿದ್ದೇನೆ ಎಂದು ತಿಳಿ. ಪ್ರಿಯಾಂಕಾಳಿಗೆ ನಾನೇ ಹಚ್ಚುತ್ತೇನೆ. ಅವಳು ಹುಟ್ಟಿದಾಗ ಎಣ್ಣೆ ಹಚ್ಚಿದ ಕೈ ಇದು.

ಒಡಪು ಕೇಳಿದ್ದೀ, ತೆಗೆದುಕೊ:

ಕೆಂಪು ಸೀರಿಗೆ ಹಸರು ಕುಪ್ಪಸ, ಹಸರು ಕುಪ್ಪಸಕ ಬೆಳ್ಳಿ ಗುಂಡಿ,
ಹೆಸರು ಕೇಳೋರ ಹೊಟ್ಟಿ ಹಸದೈತಿ, ಉಣ್ಣಲಿ ಮೊದಲ ರೊಟ್ಟಿ ಪುಂಡಿ.

ಇನ್ನೊಂದು ಮಾತು. ಬಾಗಿಲ ಸಂದಿಯಿಂದ ಬಿದ್ದ ಟಪಾಲನ್ನು ಭುವನೇಶ್ವರಿ ಎತ್ತಿ ತರುತ್ತಾಳೆ. ನಾನೇ ಸಾಕಿದ ತಂಗಿಯ ಮಗಳು, ಅವಳ ಮನೆಯಲ್ಲೇ ಇದ್ದೇನೆ, ಆದರೂ ಈ ವಿಷಯ ಅವಳವರೆಗೆ ಬರುವುದು ಬೇಡ. ಲಕೋಟೆಗೆ ಸರಿಯಾಗಿ ಅಂಟು ಹಚ್ಚು.

ರತ್ನವ್ವ


ಪಿನ್ನರ್,
೧೯ ಸೆಪ್ಟೆಂಬರ್

ಕಾಕು,

ಪುಂಡಿ ಪಲ್ಲೆ ಉಣಿಸಿ ಹೆಸರು ನುಂಗಿದಿ. ಎಂಥ ನಾಚಿಗಿ ನಿಂದು! ತೊಂಬತ್ತೈದರಾಗೂ ಹೊಸ ಸೊಸಿ.

ನೀ ಬ್ಯಾಡ ಅಂದ ಮ್ಯಾಲೆ ಹೋಗದ ಇರಲಿಕ್ಕೆ ಆಕ್ಕೈತೇನು? ಕ್ಯೂದಾಗ ಕ್ಯೂ ನಿಂತೆ. ಪೆನ್ನು ಕಸಗೊಂಡು ಸೀಸದ ಕಡ್ಡಿ ಕೊಟ್ಟರು. ಮತ್ತ ಒಂದನೇ ಇಯತ್ತೆ! ಆಯುಷ್ಯ ಪೂರ್ತಿ ಮಂದೀನ ದವಾಖಾನಿಗೆ ದಾಖಲ್ ಮಾಡಿದಾಂವ, ಈಗ ನಾನs ದಾಖಲೆದಾಗ ದಾಖಲ್. ಪಕ್ಕದಾಗ ಕುಂತಿದ್ದ ಸಾಹೇಬ ತನ್ನ ಅಜ್ಜನ್ನ ಹುಡುಕ್ಲಿಕ್ಕೆ ಹತ್ತಿದ್ದ. "ನಿಮ್ಮ ಅಜ್ಜ ಕಳದು ಎಷ್ಟು ದಿನ ಆತು, ಪೊಲೀಸರಿಗೆ ಹೇಳಿದ್ರೇನು?" ಅಂದೆ. ಆಂವ ಜಾಗಾ ಬದಲಿ ಮಾಡಿದ.

ಸಂಗನಬಸಪ್ಪ ಅಂತ ಒಬ್ಬನೂ ಇಲ್ಲ. ನಮ್ಮ ಕಡೆಯ ಹುಡುಗರು ಬಾಳ ಅದಾರ, ಕಾಕಾ ಇಲ್ಲ. ಆದ್ರ ನಾನೂ ಬಿಡೋ ಮಗ ಅಲ್ಲ. ಜಿಪಿ ಆಗಿದ್ದಾಗ ಒಂದು ಕಲ್ತಿದ್ದೆ. ಪೇಶೆಂಟುಗಳು ವಯಸ್ಸು ಸುಳ್ಳು ಹೇಳ್ತಾರ, ಕುಡಿಯೂದು ಸುಳ್ಳು ಹೇಳ್ತಾರ, ವಿಳಾಸ ಮಾತ್ರ ಖರೇ ಹೇಳ್ತಾರ. ಯಾಕಂದ್ರ ಟಪಾಲು ಬರಬೇಕಲ್ಲ! ಹಂಗs ಹೆಸರು ಬಿಟ್ಟು ನಮ್ಮೂರ ವಿಳಾಸ ಹಿಡದು ಹುಡುಕವ ಇದ್ದೇನಿ.

ಚನ್ನಬಸವ್ವ ಮತ್ತ ಫೋನ್ ಮಾಡಿದ್ದಳು. "ವಿಚಾರ ಮಾಡಿದ್ರೇನ್ರಿ?" ಅಂತ. ಬಿಡವಲ್ಲಳು.

ಜಗ್ಯಾ


ಈಸ್ಟ್ ಹ್ಯಾಮ್,
೨೩ ಸೆಪ್ಟೆಂಬರ್

ಜಗದೇವ,

ವಿಳಾಸ ಹಿಡಿದು ಹುಡುಕಬೇಡ. ಅವರು ಕರಾಚಿಯಲ್ಲಿ ಸೇರಿಕೊಂಡಿದ್ದರು, ನಮ್ಮೂರಿನ ವಿಳಾಸ ಕೊಟ್ಟಿರಲಿಕ್ಕಿಲ್ಲ. ಸುಮ್ಮನೆ ಕಣ್ಣು ಹಾಳು.

ಯಾವ ವರ್ಷದವರೆಗೆ ನೋಡಿದ್ದೀ? ನಲವತ್ತೈದು ಮುಗಿಯಿತೇ? ಮರುಟಪಾಲಿಗೆ ತಿಳಿಸು.

ರತ್ನವ್ವ


ಪಿನ್ನರ್,
೧೭ ಅಕ್ಟೋಬರ್

ಕಾಕುಗೆ ಶರಣು.

ಉತ್ತರ ಬರಿಯೂದು ತಡ ಆತು. ಏನೂ ಸಿಗಲಿಲ್ಲ. ಹುಡುಕೂದು ಬಿಟ್ಟೇನಿ. ಚಳಿ ಶುರು ಆಗೇತಿ, ಬೆಚ್ಚಗ ಇರು.

ಇಂತಿ,
ಜಗದೇವಪ್ಪ


ಈಸ್ಟ್ ಹ್ಯಾಮ್,
೨೦ ಅಕ್ಟೋಬರ್

ಜಗದೇವ,

ಮಸಣಕ್ಕೆ ಹೋದಾಗಲೂ ಒಂದು ನಗೆಮಾತು ಹೇಳಿ ಬಂದವನು ನೀನು. ನಿನ್ನ ಹೆಂಡತಿ ಹೋದಾಗ ಬರೆದ ಪತ್ರದಲ್ಲಿಯೂ ಒಂದಿತ್ತು. ಈ ಪತ್ರದಲ್ಲಿ ಇಲ್ಲ. ಕೆಳಗೆ "ಜಗದೇವಪ್ಪ" ಎಂದು ಬ್ಯಾಂಕಿಗೆ ಬರೆದಂತೆ ಸಹಿ ಮಾಡಿದ್ದೀ.

ನಿನಗೆ ಸಿಕ್ಕಿದೆ.

ಏನು ಸಿಕ್ಕಿತು, ಯಾರಿಗೆ ಹೇಳಿದ್ದೀ, ಎರಡನ್ನೂ ಬರೆ. ಮದುವೆಗೆ ತಿಂಗಳು ಉಳಿದಿದೆ. ಕೆಳಗೆ ಸೀರೆ, ಬಳೆ ಅಂಗಡಿಯವರು ಅರಿಷಿಣದ ದಿನಕ್ಕೆ ಹಸಿರು ಇಳಕಲ್ ತೆಗೆದಿಟ್ಟಿದ್ದಾರೆ. ಅದನ್ನು ತರಿಸಲೋ, ಬೇಡವೋ?

ರತ್ನವ್ವ


ಪಿನ್ನರ್,
೨೪ ಅಕ್ಟೋಬರ್

ಕಾಕು,

ಯಾರಿಗೂ ಹೇಳಿಲ್ಲ. ಮಗ ವಿಕಾಸನಿಗೂ ಹೇಳಿಲ್ಲ. ಅದನ್ನ ಮೊದಲ ತಿಳಕೊ.

ವಿಳಾಸ ಹಿಡದೆ, ಸಿಕ್ಕಿತು. ನಮ್ಮ ಮನಿ, ಊರ ಮುಂದಿನ ಭಾವಿ ಎದುರಿಗೆ, ವಿಜಾಪುರ ಜಿಲ್ಲಾ. ಹೆಸರು ಗುರಪ್ಪ. ಗುರುತು, ಎಡಹುಬ್ಬಿನ ಮ್ಯಾಲೆ ಗಾಯದ ಕಲೆ. ಎತ್ತು ಹಾದದ್ದು ಅಂತ ನಮ್ಮಜ್ಜಿ ಹೇಳ್ತಿದ್ದಳಲ್ಲ, ಅದs. ಗುರಪ್ಪ ಅಂದ್ರ ಕಾಕಾನ ಜೋಡಿ ಸಾಲಿ ಕಲ್ತ ಸಿಂದಗಿ ಹುಡುಗ ಇರಬೇಕು. ಆಂವ ಪಾಸಾಗಿದ್ದ, ಕಾಕಾ ನಪಾಸು. ಆಂವನ ಸರ್ಟಿಫಿಕೇಟ್ ಒಯ್ದು ಆಂವನ ಹೆಸರಿಲೆ ಸೇರಿಕೊಂಡಾನ.

೧೯೪೫ರ ಜನವರಿ, ಬರ್ಮಾ ದಂಡಿ. ನೀರಾಗ ಹುದುಗಿಸಿಟ್ಟ ಸಿಡಿಮದ್ದಿನ ಸುರಂಗ ತಗಿಯೋ ಸಣ್ಣ ಹಡಗು. ಒಂದು ಸುರಂಗ ಉಳದಿತ್ತು, ಅದು ಸಿಡೀತು.

ಮನಿಗೆ ಟೆಲಿಗ್ರಾಂ ತಾರು ಕಳಿಸ್ಯಾರ. ವಾಪಸ್ ಬಂದೈತಿ. "ಗುರಪ್ಪ ಅನ್ನವರು ಈ ಮನ್ಯಾಗ ಇಲ್ಲ" ಅಂತ ಷರಾ ಐತಿ. ನಮ್ಮಪ್ಪ ಹೇಳಿರಬೇಕು. ಆಂವಗ ಗೊತ್ತಿರಲಿಲ್ಲ, ಆಂವ ಸುಳ್ಳು ಹೇಳಲಿಲ್ಲ.

ಆ ಕಾಗದದಾಗ ಒಂದು ಜಾಗಾ ಮತ್ತ ಮತ್ತ ಓದಿದೆ. ಹತ್ತಿರದ ಸಂಬಂಧಿ ಯಾರು ಅನ್ನೋ ಕಡೆ "ಹೆಂಡತಿ" ಅಂತಷ್ಟ ಐತಿ. ಹೆಂಡತಿ ಹೆಸರಿನ ಮುಂದ ಖಾಲಿ. ಕಾಕಾನೂ ನಿನ್ನ ಹೆಸರು ಹೇಳಲಿಲ್ಲ, ಕಾಕು. ಬರಕೊಳ್ಳೋ ಸಾಹೇಬನ ಮುಂದ ತಲಿ ಕೆಳಗ ಹಾಕಿ ನಿಂತಿರಬೇಕು, ಹತ್ತೊಂಬತ್ತರ ಹುಡುಗ. ಹೇಳಿದ್ದರ ತಾರು ನಿನ್ನ ಹೆಸರಿಗೇ ಬರ್ತಿತ್ತು.

ಈಗ ಕೇಳತೇನಿ, ಸಿಟ್ಟಾಗಬ್ಯಾಡ. ಆ ಹೆಸರು ನಿನಗ ಗೊತ್ತಿತ್ತು, ಹೌದಿಲ್ಲೋ? ಗೊತ್ತಿದ್ದರೂ ತಪ್ಪಿಲ್ಲ. ಹದಿನೈದರ ಹುಡುಗಿ, ಮಾವ ಮೈದುನರ ಮುಂದ ಗಂಡನ ಹೆಸರು ಹೆಂಗ ಎತ್ತಬೇಕು? ನಾಚಿಗಿಲೇ ಒಳಗ ಸರದಿರಬೇಕು. ಯಾರು ಕೇಳಿದ್ರೂ ಹಿಂಗs ಹೇಳೂಣು. ಚನ್ನಬಸವ್ವನೂ ಒಪ್ಪತಾಳ.

ಜಗ್ಯಾ


ಈಸ್ಟ್ ಹ್ಯಾಮ್,
೨೯ ಅಕ್ಟೋಬರ್

ಜಗದೇವ,

ನಾಚಿಕೆ ಎಂದು ಹೇಳಬೇಡ. ಒಳ್ಳೆಯ ನೆಪ ಹುಡುಕಿಕೊಟ್ಟಿದ್ದೀ, ಆದರೆ ಅದನ್ನು ನಾನು ಅಂದೇ ಬಳಸಿ ಆಗಿದೆ.

ಹೊರಡುವ ಮುಂಜಾನೆ ಅವರು ದನದ ಕೊಟ್ಟಿಗೆಗೆ ಬಂದು, "ಅಲ್ಲಿ ನಾ ಗುರಪ್ಪ, ಯಾರಿಗೂ ಹೇಳಬ್ಯಾಡ" ಎಂದಿದ್ದರು. ನಾವಿಬ್ಬರೂ ಆಡಿದ ಮಾತು ಬಹಳವಿಲ್ಲ. ಅದೊಂದು ನೆನಪಿದೆ.

ತಾರು ಬಂದಾಗ ನಾನು ಬಾಗಿಲಿನಲ್ಲಿದ್ದೆ. ನೀನು ನನ್ನ ಬಗಲಲ್ಲಿದ್ದೆ. ಟಪಾಲಿನವನ ಟೊಪ್ಪಿಗೆ ಕಸಿಯಲು ಕೈ ಚಾಚಿದ್ದೆ, ಆಗಿನಿಂದಲೇ ನಿನ್ನದು ಇದೇ ಉದ್ಯೋಗ. ಅವನು "ಗುರಪ್ಪನ ಹೆಂಡತಿ ಯಾರು?" ಎಂದು ಕೂಗಿದ. ನಿಮ್ಮಪ್ಪ "ಗುರಪ್ಪ ಅನ್ನವರು ಇಲ್ಲಿ ಯಾರೂ ಇಲ್ಲೋ" ಎಂದ. ಟಪಾಲಿನವ ನನ್ನ ಕಡೆ ನೋಡಿದ. ನಾನು ಸೆರಗನ್ನು ಬಾಯಿಗೆ ಅಡ್ಡ ಹಿಡಿದೆ. ಎಲ್ಲರೂ ನಾಚಿಕೆ ಎಂದುಕೊಂಡರು.

ತಾರು ಯಾಕೆ ಬರುತ್ತದೆ ಎಂದು ಊರಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಚಳಿಗಾಲದಲ್ಲಿ ಎರಡು ಮನೆಗೆ ಬಂದಿತ್ತು. ಒಂದು ಮನೆಯ ಸೊಸೆಯನ್ನು ಅವಳಪ್ಪ ತಿಂಗಳೊಳಗೆ ಉಡಿಕಿ ಮರುಮದುವೆ ಮಾಡಿಕೊಟ್ಟಿದ್ದ, ಮೂರು ಮಕ್ಕಳ ತಂದೆಗೆ. ನನ್ನಪ್ಪನೂ ಅಂಥವನೇ. ನನಗೆ ಅವರು ಬೇಕಿದ್ದರು. ಅವರು ಇಲ್ಲವೆಂದಾದರೆ ಇನ್ನೊಬ್ಬರು ಬೇಕಿರಲಿಲ್ಲ. ಗಂಡ ಹಡಗಿನಲ್ಲಿರುವ ಸೊಸೆಯಾಗಿ ಉಳಿದೆ. "ಆಂವ ಬರೂತನಕ ನಾಲ್ಕಕ್ಷರ ಕಲೀಲಿ" ಎಂದು ನಿಮ್ಮಜ್ಜನೇ ಧಾರವಾಡದ ಟ್ರೇನಿಂಗ್ ಕಾಲೇಜಿಗೆ ಕಳಿಸಿದ. ವಿಧವೆಯನ್ನು ಕಳಿಸುತ್ತಿದ್ದನೇ? ಮೂವತ್ತೇಳು ವರ್ಷ ಮಕ್ಕಳಿಗೆ ಓದಿಸಿದೆ. ಈ ಬಳೆ ಅವರ ಹೆಸರಿನಲ್ಲಿ ಉಳಿಸಿಕೊಂಡೆ, ನನ್ನ ಕೈಯ ಸಲುವಾಗಿ.

ಆದರೆ ಅವರಿಗಾಗಿ ಯಾರೂ ಅಳಲಿಲ್ಲ. ಮನೆಯ ಒಂದು ಕೂಸಿಗೂ ಅವರ ಹೆಸರಿಡಲಿಲ್ಲ, ಇದ್ದವರ ಹೆಸರು ಇಡುವುದಿಲ್ಲವಲ್ಲ. ನಾನು ಅತ್ತದ್ದು ಒಂದು ಸಲ, ಹಸಿ ಕಟ್ಟಿಗೆಯ ಒಲೆ ಊದುತ್ತ.

ನೀನು ಕ್ಷಮಿಸಬೇಡ, ನಾನು ಕೇಳಿಲ್ಲ. ಹೆಂಡತಿಯ ಹೆಸರಿನ ಜಾಗ ಖಾಲಿ ಎಂದು ಬರೆದಿದ್ದೀಯಲ್ಲ, ಅದೊಂದು ನನಗೆ ಗೊತ್ತಿರಲಿಲ್ಲ. ಆ ಸಾಲನ್ನು ಓದಿದ ಮೇಲೆ ಊಟ ಸೇರುತ್ತಿಲ್ಲ.

ರತ್ನವ್ವ


ಪಿನ್ನರ್,
೫ ನವೆಂಬರ್

ಕಾಕು,

ಇವತ್ತು ಇಲ್ಲಿಯ ಸಾಹೇಬರ ಪಟಾಕಿ ಹಬ್ಬ, ಊರ ತುಂಬ ಹಾರಸಾಕತ್ತಾರ. ಒಂದೊಂದು ಢಮ್ ಅಂದಾಗೂ ಆ ಸಣ್ಣ ಹಡಗು ನೆನಪಾಗತೈತಿ.

ನಿನ್ನ ಪತ್ರ ಓದಿ, ಮತ್ತ ಓದಿ, ಅಂಗಿ ಒಳಕಿಸೆದಾಗ ಇಟಗೊಂಡೇನಿ.

ನಡದದ್ದು ಹೇಳತೇನಿ. ಚನ್ನಬಸವ್ವ ನಿನ್ನೆ ಫೋನ್ ಮಾಡಿ, "ಅರಿಷಿಣದ ದಿನ ನಾನೂ ಬರತೇನಿ. ಬಾಗಲದಾಗ ಅಡ್ಡ ನಿಂತು ಆ ಹಿರ್ಯಾರಿಗೆ ಒಡಪು ಕೇಳಾಕಿ ನಾನs. ಹೆಸರು ಹೇಳದ ಒಳಗ ಬಿಡಂಗಿಲ್ಲ" ಅಂದಳು. ನಕ್ಕೋತ ಅಂದಳೋ, ಹಲ್ಲು ಕಡಕೋತ ಅಂದಳೋ, ಫೋನಿನಾಗ ಗೊತ್ತಾಗಲಿಲ್ಲ. ಕಾಕುಗ ಆರಾಮಿಲ್ಲ, ಅರಿಷಿಣ ಬ್ಯಾರೇದವರು ಹಚ್ಚತಾರ ಅಂತ ಹೇಳಿ ನೋಡಿದೆ. ಪ್ರಿಯಾಂಕಾ ಕೇಳಿಸಿಕೊಂಡು ಬಂದಳು. "ನೋ ಅಜ್ಜ. ಹರ್ ಹ್ಯಾಂಡ್ಸ್, ಆರ್ ನೋಬಡೀಸ್" ಅಂದಳು, ನಿನ್ನ ಕೈ ಇಲ್ಲಾಂದ್ರ ಯಾರದೂ ಬ್ಯಾಡಂತ. ಕನ್ನಡದಾಗ ಜಗಳಾಡಿದ್ದರ ಗೆಲ್ಲತಿದ್ದೆ.

ಇದರ ಜೋಡಿ ಒಂದು ಅರ್ಜಿ ಇಟ್ಟೇನಿ. ಸಮುದ್ರದಾಗ ಹೋದವರ ಸ್ಮಾರಕದಾಗ ಗುರಪ್ಪ ಅಂತ ಐತಿ. ಖರೇ ಹೆಸರು ಹಾಕ್ರಿ ಅಂತ ಹತ್ತಿರದ ಸಂಬಂಧಿ ಸಹಿ ಮಾಡಿ ಕೇಳಬಹುದು. ಕಾಕಾನ ಹೆಸರು ಈ ಭೂಮಿಮ್ಯಾಲೆ ಎಲ್ಲೂ ಇಲ್ಲ, ಕಾಕು. ಆದ್ರ ನೀ ಸಹಿ ಮಾಡಿದ ದಿನ ನಿನ್ನ ಬಳಿ ಗತಿ ಏನು? ಅದಕ್ಕ ನಾ ಒತ್ತಾಯ ಮಾಡಂಗಿಲ್ಲ. ಹರದು ಹಾಕಿದ್ರೂ ಚಲೋ. ಕಾಕಾ ಜೀವಂತ ಅದಾನ ಅಂತ ಮಂದಿ ಮುಂದ ಹೇಳಂದ್ರೂ ಹೇಳತೇನಿ. ಇಷ್ಟು ವರ್ಷ ಬರೇ ನಗಿಸಲಿಕ್ಕೆ ಸುಳ್ಳು ಹೇಳೇನಿ, ಒಂದು ನಿನ್ನ ಸಲುವಾಗಿ ಆಗಲಿ.

ಜಗ್ಯಾ


ಪಿನ್ನರ್,
೧೫ ನವೆಂಬರ್

ಕಾಕು,

ನಿನ್ನ ಉತ್ತರ ಬರಲಿಲ್ಲ. ಭುವನೇಶ್ವರಿಗೆ ಫೋನ್ ಮಾಡಿದೆ, "ಅವ್ವ ಆರಾಮ ಅದಾಳ, ಯಾಕೋ ಮಾತಾಡವಲ್ಲಳು" ಅಂದಳು. ಶುಕ್ರವಾರ ಅರಿಷಿಣ. ಗಾಡಿ ಕಳಸಲೋ ಬ್ಯಾಡೋ?

ಜಗ್ಯಾ


ಈಸ್ಟ್ ಹ್ಯಾಮ್,
೧೮ ನವೆಂಬರ್

ಗಾಡಿ ಕಳಿಸು. ಹೊಸ ಬಳೆ ಹಾಕಿಸಿಕೊಂಡಿದ್ದೇನೆ.

ರತ್ನವ್ವ


ಪಿನ್ನರ್,
೨೩ ನವೆಂಬರ್

ಕಾಕು,

ಮದುವಿ ಮುಗೀತು. ಹುಡುಗಿ ಹೋದಳು, ಮನಿ ತುಂಬ ಅಕ್ಕಿಕಾಳು ಬಿಟ್ಟು ಹೋದಳು. ಋಷಿಕೇಶನ ಬೂಟಿನಾಗ ನಾ ಹಪ್ಪಳ ಇಟ್ಟಿದ್ದೆ. ತಾಳಿ ಕಟ್ಟಿ ಬಂದು ಕಾಲಿಟ್ಟರ ಪಟಪಟಾ ಅಂತು. ಹೊಸ ಅಳಿಯ, ಬಾಯಿಬಿಟ್ಟು ಒದರೋ ಹಂಗಿಲ್ಲ, ಬರೇ ಬೆವತ.

ಈಗ ನನ್ನ ತಲಿ ತಿನ್ನೋ ಪ್ರಶ್ನಿ. ಶುಕ್ರವಾರ ನಿನ್ನ ಗಾಡಿಯಿಂದ ಇಳಿಸಿ ಬಾಗಲತನಕ ಬಂದೆ. "ಗಂಡಸರು ಹಿಂದ ಹೋಗ್ರಿ" ಅಂತ ನನ್ನ ಗಾರ್ಡನ್ನಿಗೆ ದಬ್ಬಿದರು. ಚಳ್ಯಾಗ ನಿಂತು ಕಿಡಕ್ಯಾಗ ಇಣುಕಿದೆ. ಚನ್ನಬಸವ್ವ ಎರಡೂ ಕೈ ಚಾಚಿ ಬಾಗಲಾ ತುಂಬಿ ನಿಂತಿದ್ದಳು. ನಿನ್ನ ಬೆನ್ನಷ್ಟ ಕಾಣತಿತ್ತು. ನೀ ಏನೋ ಅಂದಿ. ಹೆಣ್ಣುಮಕ್ಕಳ ಗದ್ದಲ ಒಮ್ಮಿಗೇ ನಿಂತಿತು. ನನ್ನ ಎದಿನೂ ನಿಂತಿತು, ಡಾಕ್ಟರ್ ಮಾತು ಇದು, ನಂಬು. ಆಮ್ಯಾಲೆ ಆಕಿ ಕೈ ಕೆಳಗಿಳಿಸಿದಳು. ನೀ ಒಳಗ ಹೋದಿ.

ಏನಾತು ಅಂತ ಯಾರನ್ನ ಕೇಳಿದ್ರೂ "ನಿಮ್ಮ ಕಾಕುನ್ನ ಕೇಳ್ರಿ" ಅಂತಾರ. ಪ್ರಿಯಾಂಕಾ ಅಂತೂ ಗಲ್ಲದಮ್ಯಾಲೆ ಅರಿಷಿಣ ಇಟಗೊಂಡು ಅಳಾಕತ್ತಿದ್ದಳು. ಏನಂದಿ? ಆಕಿ ಏನಂದಳು?

ಜಗ್ಯಾ


ಈಸ್ಟ್ ಹ್ಯಾಮ್,
೨೬ ನವೆಂಬರ್

ಜಗ್ಯಾ,

ಅಳಿಯನ ಬೂಟಿನಲ್ಲಿ ಹಪ್ಪಳ ಇಡುವ ಮುದುಕನಿಗೆ ನಾನು ಏನೂ ಹೇಳಬಾರದು. ಆದರೂ ಹೇಳುತ್ತೇನೆ.

ಗಾಡಿಯಲ್ಲಿ ಬರುವಾಗ ಪುಂಡಿ ಪಲ್ಲೆಯ ಒಡಪನ್ನೇ ಗಟ್ಟಿಮಾಡಿಕೊಂಡಿದ್ದೆ. ಹೆಸರು ನುಂಗಿ ನುಸುಳುವುದು ನನಗೆ ಹೊಸದಲ್ಲ. ಬಾಗಿಲಿಗೆ ಬಂದಾಗ ಆಕೆ "ಹೆಸರು ಹೇಳ್ರಿ, ಹಿರ್ಯಾರs" ಎಂದಳು. ಕಿವಿ ಕೇಳದಿದ್ದರೂ ತುಟಿ ಓದಿದೆ. ಆಕೆಯ ಬೋಳು ಕೈ ಎರಡೂ ನನ್ನ ಕಣ್ಣ ಮುಂದೆಯೇ ಇದ್ದವು. ಆ ಸಾಹೇಬನ ಮುಂದೆ ನನ್ನ ಹೆಸರು ಹೇಳಲಾರದೆ ನಿಂತವರು ನೆನಪಾದರು. ಇಬ್ಬರೊಳಗೆ ಒಬ್ಬರಾದರೂ ಹೇಳಬೇಕಲ್ಲ. ಪುಂಡಿ ಪಲ್ಲೆ ಮರೆತೇಹೋಯಿತು. ಬಾಯಿಗೆ ಬಂದದ್ದು ಇದು:

ಹಸರು ಬಳಿ ನನ್ನವು, ಹಡಗಿನ ಹಾದಿ ಅವರದು,
ನುಂಗಿದ ಹೆಸರು ಇವತ್ತಾದ್ರೂ ಕಡಲಿಂದ ಎದ್ದು ಬರಲೆಪ್ಪ,
ನಾ ಹದಿನೈದರಾಕಿ ಇದ್ದಾಗ ಮುಳುಗಿದವರು ಸಂಗನಬಸಪ್ಪ.

ಹೌದು, ಗದ್ದಲ ನಿಂತಿತು. ಭುವನೇಶ್ವರಿ ಬಾಯಿಗೆ ಕೈ ಹಚ್ಚಿದಳು. ಹಿಂದಿನಿಂದ ಯಾರೋ "ಹಂಗಾದ್ರ ಅರಿಷಿಣ..." ಎಂದು ತುಟಿ ಅಲ್ಲಾಡಿಸಿದರು. ನಾನು ಬಳೆಯ ಕೈ ಕೆಳಗೆ ಇಳಿಸಲಿಲ್ಲ. ವಾಪಸ್ ಕಳಿಸಿದರೆ ಹೋಗುವುದೆಂದು ನಿಂತೆ.

ಚನ್ನಬಸವ್ವ ನನ್ನ ಮಾರಿ ನೋಡಲಿಲ್ಲ, ಕೈ ನೋಡಿದಳು. ಆಕೀಗೆ ಗಂಡ ಹೋದಾಗ ಮೂವತ್ತೆರಡಂತ. ಅವತ್ತಿನಿಂದ ಒಂದು ಮದುವ್ಯಾಗೂ ಮುಂದ ಬಂದು ನಿಂತಿಲ್ಲಂತ. ಇದನ್ನೆಲ್ಲ ಆಮ್ಯಾಲೆ ಚೀಟಿ ಮ್ಯಾಲೆ ಬರದು ತೋರಿಸಿದಳು. ಅವತ್ತು ನಿನ್ನ ಮನ್ಯಾಗ ನನ್ನ ಗಂಡನ್ನ ಯಾಕ ಕೇಳಿದಳಂತ ಈಗ ನಿನಗ ತಿಳದಿರಬೇಕು, ಶಾಣ್ಯಾ. ಬಾಗಲದಾಗ ಮಾತ್ರ ಕೈ ಕೆಳಗಿಳಿಸಿ, ನನಗ ಕೇಳೋ ಹಂಗ ಒದರಿ, ಒಂದು ಮಾತಂದಳು:

"ಬರ್ರಿ ಒಳಗ. ಈ ಬಳಿ ಎಲ್ಲಿ ತೊಗೊಂಡ್ರಿ?"

ಅರ್ಜಿಗೆ ಸಹಿ ಮಾಡೇನಿ, ಇದರಾಗ ಐತಿ. ಅವರ ಹೆಸರಿನ ಕೆಳಗ ಹೆಂಡತಿ ಹೆಸರು ಕೇಳ್ಯಾರ, ಅದನ್ನ ನಾನs ತುಂಬೇನಿ, ದೊಡ್ಡ ಅಕ್ಷರದಾಗ. ನೀ ನಡಕ ಹುಡುಗಾಟ ಮಾಡದ ಟಪಾಲಿಗೆ ಹಾಕು.

ಗುರುವಾರ ಚನ್ನಬಸವ್ವ ಡಿಸ್ಟ್ರಿಕ್ಟ್ ಲೈನ್ ರೈಲು ಹಿಡದು ಇಲ್ಲಿಗೆ ಬರತಾಳ. ಕೆಳಗಿನ ಅಂಗಡ್ಯಾಂವಗ ಹೇಳಿ ಇಟ್ಟೇನಿ. ಆಕಿ ಕೈ ನನಗಿಂತ ಒಂದು ಅಳತಿ ದೊಡ್ಡದು.

ನಿನ್ನ ಕಾಕು,
ಸಂಗನಬಸಪ್ಪನ ಹೆಂಡತಿ ರತ್ನವ್ವ